ಉಳಿದ ಒಂದು ಜೊತೆ

ಐದೂವರೆಗೆ ಹಾಡು ನಿಲ್ಲಿಸಿದರೂ ಬೆಟ್ಟದ ಮೇಲಿನ ಮುರ್ಮೆಲ್ ಬಾರಿನ ಹಲಗೆ ನೆಲ ಇನ್ನೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಾನು ಕುಣಿಯುತ್ತಿರುತ್ತದೆ ಎಂದು ಬುರ್ಗಿಗೆ ಅನ್ನಿಸುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಶುರುವಾಗುವ ಗದ್ದಲ ಅದು. ಸ್ಕೀ ಬೂಟು ಕಾಲಿನಲ್ಲೇ ಮೇಜು ಹತ್ತುವವರು, ಗುರುತಿಲ್ಲದವರ ಹೆಗಲಿಗೆ ಕೈ ಹಾಕಿ ಸಾಲುಗಟ್ಟಿ ಹಾಡುವವರು, ಬಿಯರ್ ಲೋಟವನ್ನು ತಲೆಯ ಮೇಲಿಟ್ಟು ನಡೆದು ತೋರಿಸುತ್ತೇನೆಂದು ಹೋಗಿ ಮೈಯೆಲ್ಲ ತೋಯಿಸಿಕೊಳ್ಳುವವರು. ಈಗ ಅವರೆಲ್ಲ ಇಳಿಜಾರಿನಲ್ಲಿ ಜಾರುತ್ತಲೋ, ಕೇಬಲ್ ಕಾರಿನಲ್ಲಿ ಒಬ್ಬರ ಮೇಲೊಬ್ಬರು ಒರಗಿಕೊಂಡೋ ಕೆಳಗೆ ಓಬರ್‌ಫ್ಲೈಸ್ ಊರಿಗೆ ಇಳಿದುಹೋಗಿದ್ದರು. ಅಲ್ಲಿ ಇನ್ನೂ ಹದಿನಾಲ್ಕು ಬಾರುಗಳು ಅವರಿಗಾಗಿ ದೀಪ ಹಚ್ಚಿಕೊಂಡು ಕೂತಿದ್ದವು.

ಬುರ್ಗಿ ಲೋಟಗಳನ್ನು ಹಾಗೇ ಬಿಟ್ಟು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಂಗಳದ ಉದ್ದಕ್ಕೂ ಸ್ಕೀಗಳನ್ನು ಒರಗಿಸಿಡುವ ಮರದ ಅಡ್ಡೆಗಳು. ಅವುಗಳಲ್ಲಿ ಸ್ಕೀ ಉಳಿದಿದೆಯೇ ಎಂದು ಎಣಿಸಿ ನೋಡುವುದು ಹೋದ ವರ್ಷದಿಂದ ದಿನವೂ ಸಂಜೆ ಅವಳು ಮಾಡುವ ಮೊದಲ ಕೆಲಸ. ಮೊದಲ ಅಡ್ಡೆ ಖಾಲಿ. ಎರಡನೆಯದು ಖಾಲಿ. ಮೂರನೆಯದರ ತುದಿಯಲ್ಲಿ ಒಂದು ಜೊತೆ ಸ್ಕೀ ನಿಂತಿತ್ತು.

ಆಕಾಶ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಶಿಖರಗಳ ಮೇಲೆ ತೆಳುವಾದ ನೇರಳೆ ಬೆಳಕು, ಕಣಿವೆಯೊಳಗೆ ಮಾತ್ರ ನೀಲಿ ಕತ್ತಲು ಕೆರೆಯ ನೀರಿನ ಹಾಗೆ ಏರುತ್ತಿತ್ತು. ಸಣ್ಣಗೆ ಹಿಮ ಉದುರತೊಡಗಿತ್ತು. ಬೇರೆ ಯಾವ ದಿನವಾದರೂ ಆಗಬಹುದಿತ್ತು. ಫೆಬ್ರವರಿ ಹನ್ನೆರಡೇ ಆಗಬೇಕಾಗಿತ್ತೇ?

"ಅಣ್ಣ, ಒಂದು ಜೊತೆ ಉಳಿದಿದೆ," ಎಂದು ಬಾಗಿಲಲ್ಲೇ ನಿಂತು ಕೂಗಿದಳು.

ಬಾರಿನ ಯಜಮಾನ ಸೆರಾಫಿನ್ ಅವಳ ಒಡಹುಟ್ಟಿದವನು, ಹನ್ನೊಂದು ವರ್ಷಕ್ಕೆ ದೊಡ್ಡವನು. ಅವನು ಮೇಜುಗಳ ಮೇಲೆ ಬೆಂಚು ಮಗುಚಿ ಹಾಕುತ್ತಿದ್ದ. ತಿರುಗಿಯೂ ನೋಡಲಿಲ್ಲ. "ಯಾವನೋ ಇನ್ನೊಬ್ಬನ ಸ್ಕೀ ಹಾಕ್ಕೊಂಡು ಹೋಗಿರ್ತಾನೆ. ನಾಳೆ ಅವನೇ ಬರ್ತಾನೆ ತಲೆ ಕೆರ್ಕೊಂಡು."

"ಹಾಗಾದ್ರೆ ಸ್ಕೀ ಕಳಕೊಂಡವನು ಇಲ್ಲೇ ನಿಂತು ಬೊಬ್ಬೆ ಹೊಡೀಬೇಕಿತ್ತಲ್ಲ. ಯಾರೂ ಇಲ್ಲ."

"ಕೇಬಲ್ ಕಾರಲ್ಲಿ ಇಳಿದಿರ್ತಾನೆ. ಕುಡಿದವನಿಗೆ ಕಾಲು ಇದ್ಯೋ ಇಲ್ವೋ ಅನ್ನೋದೇ ಗೊತ್ತಿರಲ್ಲ, ಇನ್ನು ಸ್ಕೀ ನೆನಪಿರುತ್ತಾ? ಒಳಗಿಡು, ಬಾ."

ಒಳಗಿಡು. ಹೋದ ವರ್ಷ ಇದೇ ದಿನವೂ ಹೀಗೇ ಆಗಿತ್ತು. ಇಂಥದೇ ಸಂಜೆ, ಇದಕ್ಕಿಂತ ಜೋರಾಗಿ ಹಿಮ. ಅಡ್ಡೆಯಲ್ಲಿ ಒಂದು ಜೊತೆ ಸ್ಕೀ. ಯಾರೂ ಏನೂ ಹೇಳುವ ಮೊದಲೇ ಅವಳೇ ಹಿಮದಲ್ಲಿ ಮುಚ್ಚಿಹೋಗಿದ್ದ ಅವನ್ನು ಎತ್ತಿ, ಬಾರಿನ ಕೋಣೆಯ ಮೂಲೆಗೆ ಒರಗಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದಳು. ಬಾರು ನಡೆಸುವವರಿಗೆ ಉಳಿದ ಸ್ಕೀ ಎಂದರೆ ಮರೆತುಹೋದ ಕೈಚೀಲವಿದ್ದ ಹಾಗೆ. ವಾರಕ್ಕೆ ಎರಡು ಮೂರು ಸಲ ಆಗುವ ಸಂಗತಿ. ಮರುದಿನ ಬೆಳಿಗ್ಗೆ ಕೆಳಗಿನ ಹಳ್ಳದ ಕೊರಕಲಿನಲ್ಲಿ ಇಪ್ಪತ್ತಾರು ವರ್ಷದ ಹುಡುಗನೊಬ್ಬ ಸಿಕ್ಕಿದ. ಕಾಲು ಮುರಿದಿತ್ತು. ಚಳಿಗೆ ಪ್ರಾಣ ಹೋಗಿತ್ತು.

ಪೊಲೀಸರು ಬಂದು ಕೋಣೆಯಲ್ಲಿದ್ದ ಸ್ಕೀ ತೋರಿಸಿ, "ಇದನ್ನ ಒಳಗಿಟ್ಟಿದ್ದು ಯಾರು?" ಎಂದು ಕೇಳಿದಾಗ ಬುರ್ಗಿ ಬಾಯಿ ತೆರೆಯುವ ಮೊದಲೇ ಸೆರಾಫಿನ್ ಹೇಳಿದ್ದ: "ನಾನೇ, ಈಗ ಬೆಳಿಗ್ಗೆ. ರಾತ್ರಿಯೆಲ್ಲ ಹೊರಗೇ ಇತ್ತು ಅಂತ ಕಾಣ್ಸುತ್ತೆ. ಆ ಹಿಮದಲ್ಲಿ ಯಾರಿಗೂ ಕಂಡಿಲ್ಲ." ತಂಗಿಯನ್ನು ಉಳಿಸಲು ಹೇಳಿದ ಮಾತು. ಅದೇ ಪೊಲೀಸರ ಕಾಗದಕ್ಕೂ ಹೋಯಿತು. ಅಂದಿನಿಂದ ಬುರ್ಗಿ ಆ ಮಾತಿನ ಕೆಳಗೆ ಬದುಕುತ್ತಿದ್ದಳು, ಹಿಮದ ಭಾರಕ್ಕೆ ಬಾಗಿದ ಮಾಡಿನ ಕೆಳಗೆ ಬದುಕುವವರ ಹಾಗೆ.

ಅವಳು ಸ್ಕೀ ಎಣಿಸುವುದು ಊರಿಗೆಲ್ಲ ತಮಾಷೆಯಾಗಿತ್ತು. ಅವಳ ಅಜ್ಜಿ ಹೇಳುತ್ತಿದ್ದ ಕಾಲದಲ್ಲಿ ಇಂಥ ಎಣಿಕೆ ತಮಾಷೆಯಾಗಿರಲಿಲ್ಲ. ಆಗ ಮನೆಮಂದಿಯೆಲ್ಲ ಒಂದೇ ಬಾಣಲೆಯಿಂದ ಉಣ್ಣುತ್ತಿದ್ದರಂತೆ. ಒಬ್ಬೊಬ್ಬರಿಗೆ ಒಂದೊಂದು ಮರದ ಚಮಚ. ಉಂಡ ಮೇಲೆ ಒರೆಸಿ, ಮೇಜಿನ ಅಡಿಯ ತೊಗಲಿನ ಕುಣಿಕೆಗೆ ಸಿಕ್ಕಿಸಿಡುವುದು. ಬಿರುಗಾಳಿಯ ಸಂಜೆ ಅಜ್ಜಿಯ ಅಜ್ಜಿ ದೀಪ ಹಿಡಿದು ಮೇಜಿನ ಅಡಿಗೆ ಬಗ್ಗಿ ಚಮಚಗಳನ್ನು ಮುಟ್ಟಿ ನೋಡುತ್ತಿದ್ದಳು. ಒಂದು ಚಮಚ ಒಣಗಿದ್ದರೆ ಒಬ್ಬರು ಇನ್ನೂ ಬೆಟ್ಟದ ಮೇಲಿದ್ದಾರೆ ಎಂದು ಲೆಕ್ಕ. ಆಗ ಯಾರ ಅಪ್ಪಣೆಯನ್ನೂ ಕೇಳದೆ ಗಂಡಸರೆಲ್ಲ ಬೂಟು ಹಾಕಿಕೊಳ್ಳುತ್ತಿದ್ದರು. ಕತೆ ಕೇಳುವಾಗ ಬುರ್ಗಿಗೆ ಐದಾರು ವರ್ಷ. ಎಲ್ಲ ಕೇಳಿ, ದೊಡ್ಡವಳಾಗಿ, ಒಣಗಿದ ಚಮಚವನ್ನು ಕೈಯಲ್ಲಿ ಹಿಡಿದೂ ಮೂಲೆಗೆ ಒರಗಿಸಿದ್ದಳು.

ಅವಳು ಫೋನು ತೆಗೆದು ಪರ್ವತ ರಕ್ಷಣಾ ದಳದ ಆಲ್ಬುಯಿನ್‌ಗೆ ಕರೆ ಮಾಡಿದಳು.

"ಬುರ್ಗಿ, ಈ ಚಳಿಗಾಲದಲ್ಲಿ ಇದು ಮೂರನೇ ಸಲ," ಎಂದ ಅವನು, ಅವಳಿನ್ನೂ ವಿಷಯ ಹೇಳುವ ಮೊದಲೇ. "ಹೋದ ಸಲ ಹನ್ನೊಂದು ಜನ ಸೇರಿ ಇಡೀ ಇಳಿಜಾರು ಜಾಲಾಡಿದ್ವಿ. ಆಸಾಮಿ ಹೋಟೆಲಿನ ಬಚ್ಚಲ ತೊಟ್ಟಿಯಲ್ಲಿ ಗೊರಕೆ ಹೊಡೀತಿದ್ದ. ನೆನಪಿದ್ಯಾ?"

"ಇದೆ."

"ನಮ್ಮ ನಾಯಿಗೂ ನಿನ್ನ ಹೆಸರು ಕೇಳಿದ್ರೆ ಆಕಳಿಕೆ ಬರುತ್ತೆ."

"ಬರಲಿ. ಆಲ್ಬುಯಿನ್, ಮೂರು ಸಲ ಅಲ್ಲ, ಮೂವತ್ತು ಸಲ ಬಚ್ಚಲ ತೊಟ್ಟಿಯಲ್ಲೇ ಸಿಗಲಿ. ನೀನು ಹೊರಡು."

ಇವತ್ತು ಯಾವ ದಿನ ಎಂದು ಅವನಿಗೂ ಹೊಳೆದಿರಬೇಕು. "ಸರಿ. ಹಳ್ಳದ ಕಡೆಯಿಂದ ಶುರು ಮಾಡ್ತೀವಿ," ಎಂದ.

ಕೆಳಗಿನಿಂದ ಹಿಮಸ್ಕೂಟರ್‌ಗಳ ದೀಪಗಳು ಒಂದೊಂದಾಗಿ ಹೊತ್ತಿಕೊಂಡು ಇಳಿಜಾರನ್ನು ಏರತೊಡಗಿದವು. ಸೆರಾಫಿನ್ ಬಂದು ತಂಗಿಯ ಪಕ್ಕ ನಿಂತ. ಬೈಯಲಿಲ್ಲ. ತನ್ನ ಉಣ್ಣೆಯ ಟೋಪಿ ತೆಗೆದು ಅವಳ ತಲೆಗೆ ಹಾಕಿದ. "ಕಿವಿ ಕೆಂಪಾಗಿದೆ ನೋಡು," ಎಂದ.

ಇಪ್ಪತ್ತೈದು ನಿಮಿಷ ಕಳೆದಿರಬಹುದು. ಮೇಲೇರುತ್ತಿದ್ದ ದೀಪಗಳು ಹಳ್ಳದ ಅಂಚಿನಲ್ಲಿ ಒಮ್ಮೆಲೇ ನಿಂತವು. ಫೋನು ಬಡಿದುಕೊಂಡಿತು.

"ಯಾರೂ ಕಳೆದುಹೋಗಿಲ್ಲ," ಎಂದ ಆಲ್ಬುಯಿನ್. ಅವನ ಧ್ವನಿಯಲ್ಲಿ ಸಿಟ್ಟೂ ಇತ್ತು, ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದ ಕಕ್ಕಾಬಿಕ್ಕಿಯೂ ಇತ್ತು. "ಕೆಳಗಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ನಮ್ಮ ದೀಪ ನೋಡಿ ನಿಲ್ದಾಣದವರ ಹತ್ತಿರ ಓಡಿಬಂದು, ಹುಡುಕೋದು ನಿಲ್ಲಿಸಿ, ಸ್ಕೀ ನಾನೇ ಬಿಟ್ಟು ಬಂದಿದ್ದು ಅಂದಳಂತೆ. ಬೇಕೂಂತಲೇ ಬಿಟ್ಟಳಂತೆ. ಹೋದ ವರ್ಷ ಸತ್ತನಲ್ಲ ಆ ಹುಡುಗ, ಅವನ ತಾಯಿ. ಅವನದೇ ಸ್ಕೀ ಅದು." ಒಂದು ಕ್ಷಣ ಬಿಟ್ಟು ಹೇಳಿದ: "ಯಾರು ಫೋನ್ ಮಾಡಿದ್ರೋ ಅವರನ್ನ ನೋಡಬೇಕಂತೆ."

ಬುರ್ಗಿಗೆ ಆಗ ಹೊಳೆಯಿತು. ಮಧ್ಯಾಹ್ನ ಕಿಟಕಿಯ ಪಕ್ಕದ ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಬೂದು ಕೂದಲಿನ ಹೆಂಗಸು. ಬೆಟ್ಟದ ಮೇಲೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವ ರೂಢಿಯಂತೆ ಬುರ್ಗಿ, "ಏನು ಕೊಡ್ಲಿ ನಿನಗೆ? ಇವರ ಜೊತೆ ಕುಣಿಯೋಕೆ ಶಕ್ತಿ ಬೇಕಲ್ಲ?" ಎಂದು ನಕ್ಕು ಕೇಳಿದ್ದಳು. ಅವಳು, "ಬರೀ ಚಹಾ," ಎಂದಿದ್ದಳು. ಎರಡು ಗಂಟೆ ಆ ಚಹಾದ ಮುಂದೆ ಕೂತು, ಮೇಜಿನ ಮೇಲೆ ಕುಣಿಯುವ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಅಣ್ಣತಂಗಿಯರಿಗಾಗಿ ಕೇಬಲ್ ಕಾರನ್ನು ಇನ್ನೊಮ್ಮೆ ಓಡಿಸಿದರು. ಸ್ಕೀಗಳು ಬುರ್ಗಿಯ ಮೊಣಕಾಲ ನಡುವೆ ನಿಂತಿದ್ದವು. ಗಾಜಿನ ಆಚೆ ಕತ್ತಲು, ಅದರ ತಳದಲ್ಲಿ ಊರು ಕೆಂಡದ ಹಾಗೆ ಮಿನುಗುತ್ತಿತ್ತು.

"ಬಾಯಿ ಬಿಡಬೇಡ," ಎಂದ ಸೆರಾಫಿನ್, ಮೆಲ್ಲಗೆ.

ಅವಳು ಸ್ಕೀಗೆ ಅಂಟಿದ್ದ ಹಿಮವನ್ನು ಕೈಯಿಂದ ಒರೆಸಿದಳು.

"ನನಗೋಸ್ಕರ ಹೇಳ್ತಿಲ್ಲ ಕಣೇ. ಪೊಲೀಸರಿಗೆ ಸುಳ್ಳು ಹೇಳಿದ್ದು ನಾನು, ಬಂದಿದ್ದನ್ನ ತಿಂತೀನಿ. ಆದ್ರೆ ಅವಳನ್ನ ನೋಡು. ಒಂದು ವರ್ಷ ಆದ್ಮೇಲೆ ಇವತ್ತು ಅವಳಿಗೆ ಒಂದು ಹಿಡಿ ಸಮಾಧಾನ ಸಿಕ್ಕಿದೆ, ಸ್ಕೀ ಬಿಟ್ಟವನು ಎಲ್ಲಿ ಅಂತ ಯಾರೋ ಒಬ್ಬರು ಕೇಳಿದ್ರಲ್ಲ ಅಂತ. ಅದನ್ನೂ ಕಿತ್ಕೊಳ್ಳಬೇಕಾ?"

ಅಣ್ಣ ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು.

ನಿಲ್ದಾಣದ ಸಣ್ಣ ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು. ಅದರ ಮುಂದೆ ಆ ಹುಡುಗನ ತಾಯಿ ವೀಬ್ಕೆ ಹಾರ್ಮ್ಸ್ ಕೂತಿದ್ದಳು. ಉತ್ತರ ಸಮುದ್ರದ ದಂಡೆಯ ಸಪಾಟು ನಾಡಿನವಳು. ಅಲ್ಲಿ ಬೆಟ್ಟವೆಂದರೆ ನೀರು ತಡೆಯಲು ಕಟ್ಟಿದ ಏರಿ ಅಷ್ಟೇ. ಆಲ್ಬುಯಿನ್ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ.

"ಎಂಟು ಜನ ಮೇಲೆ ಹತ್ತಿದ್ರು ಅಮ್ಮಾ," ಎನ್ನುತ್ತಿದ್ದ. "ಇಂಥ ಹಿಮದಲ್ಲಿ."

"ಗೊತ್ತು. ತಪ್ಪು ಮಾಡಿದೆ. ಆ ದೀಪಗಳು ಹೊತ್ತಿಕೊಂಡಾಗಲೇ ಹೆದರಿಕೆ ಆಗಿದ್ದು, ಯಾರ ಮಗನಿಗೆ ಏನಾಗುತ್ತೋ ಅಂತ." ಅವಳು ಬುರ್ಗಿಯನ್ನು ನೋಡಿ ಎದ್ದಳು. "ನೀವಾ? ಚಹಾ ಕೊಟ್ಟವರು?"

"ನಾನೇ."

ವೀಬ್ಕೆ ಅವಳ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು. "ನಾನು ಬೆಳಿಗ್ಗೆಯಿಂದ ನನಗೇ ಹೇಳ್ಕೊಳ್ತಿದ್ದೆ, ಈ ಸ್ಕೀ ಬಿಟ್ಟವನು ಎಲ್ಲಿ ಅಂತ ಯಾರೂ ಕೇಳಲ್ಲ, ಯಾರೂ ಕೇಳಲ್ಲ ಅಂತ. ಕೇಳದೇ ಇದ್ದಿದ್ರೆ ಈ ಊರನ್ನ ದ್ವೇಷಿಸಿಕೊಂಡು ಆರಾಮಾಗಿ ವಾಪಸ್ ಹೋಗಬಹುದಿತ್ತು. ನೀವು ಕೇಳಿದ್ರಿ." ಅವಳು ಸ್ಕೀಯ ಕಡೆ ನೋಡಿದಳು. "ನನ್ನ ಮಗ ಟ್ಯಾರ್ಕ್ ಅವತ್ತು ಕುಡಿದಿದ್ದ, ನಿಜ. ಅದಕ್ಕೇ ಸ್ಕೀ ಬಿಟ್ಟು ನಡೆದುಕೊಂಡೇ ಹೊರಟಿದ್ದ. ಗೆಳೆಯನಿಗೆ ಫೋನಿನಲ್ಲಿ ಹಾಗಂತ ಹೇಳಿದ್ದ. ಬುದ್ಧಿ ಉಪಯೋಗಿಸಿದ್ದ, ನೋಡಿ. ಹೋದ ವರ್ಷ ನೀವು ಇಲ್ಲಿ ಕೆಲಸದಲ್ಲಿ ಇರಲಿಲ್ಲ, ಅಲ್ವಾ? ಇದ್ದಿದ್ರೆ…"

ಬಾಗಿಲಲ್ಲಿ ಸೆರಾಫಿನ್ ನೆಲ ನೋಡುತ್ತ ನಿಂತಿದ್ದ. ಇಲ್ಲ ಎಂದು ತಲೆಯಾಡಿಸಿದರೆ ಸಾಕಾಗಿತ್ತು. ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ.

"ಇದ್ದೆ," ಎಂದಳು ಬುರ್ಗಿ.

ಸೆರಾಫಿನ್ ತಲೆ ಎತ್ತಿದ.

"ನಾನು ನೋಡಿದ್ದೆ ಅಮ್ಮಾ. ಅಡ್ಡೆಯಲ್ಲಿ ಒಂದು ಜೊತೆ ಉಳಿದಿತ್ತು. ಅದನ್ನ ಒಳಗಿಟ್ಟಿದ್ದು ನಾನು. ಅವತ್ತೇ ಸಂಜೆ, ಮರುದಿನ ಬೆಳಿಗ್ಗೆ ಅಲ್ಲ."

ವೀಬ್ಕೆಯ ಕೈ ಅವಳ ಕೈಯನ್ನು ಇನ್ನೂ ಹಿಡಿದಿತ್ತು, ಬಿಡಬೇಕೆಂಬುದು ಅದಕ್ಕಿನ್ನೂ ತಿಳಿದಿರಲಿಲ್ಲವೇನೋ. "ಎಷ್ಟು ಗಂಟೆಗೆ?"

"ಐದೂ ಮುಕ್ಕಾಲು."

"ಒಂಬತ್ತರವರೆಗೂ ಜೀವ ಇತ್ತು ಅಂದ್ರು ಡಾಕ್ಟರು." ಅದನ್ನು ಅವಳು ಬುರ್ಗಿಗೆ ಹೇಳಿದಂತಿರಲಿಲ್ಲ. ಆಮೇಲೆ ಕೈ ಬಿಟ್ಟಳು. "ಅವತ್ತು ಆ ಸ್ಕೀ ನೋಡಿ ಏನಂದ್ಕೊಂಡ್ರಿ?"

"ಯಾವನೋ ಕುಡುಕ, ನಾಳೆ ಬರ್ತಾನೆ ಅಂತ."

"ಅಷ್ಟೇನಾ?"

"ಅಷ್ಟೇ. ಮನೆಗೆ ಹೋಗಿ ಸೂಪ್ ಬಿಸಿ ಮಾಡ್ಕೊಂಡೆ."

"ಈ ಸ್ಕೀ ನೋಡಿ ಇವತ್ತು ಗುರುತು ಸಿಗಲಿಲ್ವಾ ನಿಮಗೆ?"

ಬುರ್ಗಿ ಕೈಯಲ್ಲಿದ್ದ ಸ್ಕೀ ನೋಡಿದಳು. ಹಸಿರು ಬಣ್ಣ, ತುದಿಯಲ್ಲಿ ಯಾರೋ ಚಾಕುವಿನಿಂದ ಕೆತ್ತಿದ ಒಂದು ಸಣ್ಣ ದೋಣಿ. "ಇಲ್ಲ. ಅವತ್ತು ಬಣ್ಣ ಕೂಡ ನೋಡಿರಲಿಲ್ಲ."

ವೀಬ್ಕೆ ಕುರ್ಚಿಯ ಮೇಲೆ ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡು ಆಲ್ಬುಯಿನ್ ಹೆಜ್ಜೆ ಮುಂದಿಟ್ಟ. ಅವಳು ಅಳಲಿಲ್ಲ. ಬಹಳ ಹೊತ್ತು ಹೀಟರಿನ ಕೆಂಪು ತಂತಿಗಳನ್ನೇ ನೋಡಿದಳು. "ಹಿಮದಲ್ಲಿ ಯಾರಿಗೂ ಕಂಡಿಲ್ಲ ಅಂತ ಬರೆದಿದ್ರು," ಎಂದಳು ಕೊನೆಗೆ. "ಆ ಸಾಲನ್ನ ನಾನು ದಿನಾ ಓದ್ತಿದ್ದೆ. ಹಿಮದ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಬರಲ್ಲ, ನೋಡಿ."

"ನನ್ನ ಮೇಲೆ ಮಾಡ್ಕೊಳ್ಳಿ," ಎಂದಳು ಬುರ್ಗಿ.

"ಮಾಡ್ಕೊಳ್ತೀನಿ. ನೀವು ಹೇಳಬೇಕಾಗಿಲ್ಲ."

ಸೆರಾಫಿನ್ ಬಾಗಿಲಿನಿಂದ ಒಳಗೆ ಬಂದ. "ಆ ಸಾಲು ನನ್ನದು. ನಾನು ಹೇಳಿ ಬರೆಸಿದ್ದು."

ವೀಬ್ಕೆ ಅವನನ್ನು ನೋಡಿದಳು, ಆಮೇಲೆ ತಂಗಿಯನ್ನು. ಇಬ್ಬರ ಮೂಗೂ ಹಣೆಯೂ ಒಂದೇ ಅಚ್ಚು. ಅವಳಿಗೆ ಅರ್ಥವಾಯಿತು.

"ನಾಳೆ ಬೆಳಿಗ್ಗೆ ಹೋಗಿ ಪೊಲೀಸರಿಗೆ ಹೇಳ್ತೀನಿ," ಎಂದಳು ಬುರ್ಗಿ.

"ನಾಳೆ ಬೇಡ." ವೀಬ್ಕೆ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. "ನಾಳೆ ಅಂತ ಅವತ್ತೂ ಅಂದ್ಕೊಂಡಿದ್ರಿ."

ಊರಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಬಾಗಿಲಿನಿಂದಲೂ ಬೇರೆ ಬೇರೆ ಹಾಡು ಹೊರಬಂದು ನಡುಬೀದಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿತ್ತು. ಹಸುವಿನ ವೇಷ ಹಾಕಿದ ಐದಾರು ಜನ ಕೈಕೈ ಹಿಡಿದು ಸುತ್ತುತ್ತಿದ್ದರು. ಅವರಲ್ಲೊಬ್ಬ ವೀಬ್ಕೆಯ ದಾರಿಗೆ ಅಡ್ಡ ಬಂದು, "ಬನ್ನಿ ಅಜ್ಜಿ, ಒಂದು ಸುತ್ತು," ಎಂದು ಬಾಗಿ ಕೈ ಚಾಚಿದ. ಅವಳು ನಿಂತು ಅವನ ಮುಖ ನೋಡಿದಳು. "ಎಲ್ಲಿ ಇಳ್ಕೊಂಡಿದ್ದೀಯಪ್ಪ? ದಾರಿ ಗೊತ್ತಿದೆಯಾ?" ಎಂದು ಕೇಳಿದಳು. ಅವನ ನಗು ಸ್ವಲ್ಪ ಇಳಿಯಿತು. "ಇಲ್ಲೇ, ಚರ್ಚಿನ ಹಿಂದೆ," ಎಂದು ಬೆರಳು ತೋರಿಸಿದ. "ಗೆಳೆಯರ ಜೊತೇಲೇ ಹೋಗು," ಎಂದು ಹೇಳಿ ಅವಳು ಮುಂದೆ ನಡೆದಳು. ಬುರ್ಗಿ ಸ್ಕೀ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ. ಅವಳ ಹಿಂದೆ ಸೆರಾಫಿನ್.

ಪೊಲೀಸ್ ಠಾಣೆಯಲ್ಲಿ ಇದ್ದವನು ಸಣ್ಣ ವಯಸ್ಸಿನವನು. ಮೂವರನ್ನೂ, ಸ್ಕೀಯನ್ನೂ ನೋಡಿ, "ಕಳೆದುಹೋಗಿದ್ದಾ, ಸಿಕ್ಕಿದ್ದಾ?" ಎಂದು ಕೇಳಿದ.

"ಹೋದ ವರ್ಷದ ವಿಷಯ," ಎಂದಳು ಬುರ್ಗಿ. "ತಪ್ಪಾಗಿ ಬರೆದಿದೆ."

ಅವನು ಕುರ್ಚಿ ತೋರಿಸಿದ. ಹೊರಗೆ ಹಾಡು ಜೋರಾಗಿದ್ದರಿಂದ ಎದ್ದು ಕಿಟಕಿ ಮುಚ್ಚಿ ಬಂದ. ಬುರ್ಗಿ ಅಣ್ಣನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದಳು. ಐದೂವರೆಗೆ ಹಾಡು ನಿಲ್ಲಿಸಿದ್ದು, ಬಾಗಿಲು ತೆರೆದಾಗ ಮುಖಕ್ಕೆ ಹಿಮ ಹೊಡೆದದ್ದು, ಎತ್ತುವಾಗ ಸ್ಕೀ ಭಾರವಾಗಿದ್ದದ್ದು. ವೀಬ್ಕೆ ಗೋಡೆಯ ಪಕ್ಕದ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ನೀವು ಬೇಕಾದರೆ ಹೋಟೆಲಿಗೆ ಹೋಗಬಹುದು ಎಂದು ಆ ಪೊಲೀಸಿನವನು ಎರಡು ಸಲ ಹೇಳಿದ. ಅವಳು ಏಳಲಿಲ್ಲ. ಬುರ್ಗಿ ಒಂದೆಡೆ ತಡವರಿಸಿ ನಿಂತಾಗ, ವೀಬ್ಕೆಯೇ ಮೆಲ್ಲಗೆ ಕೇಳಿದಳು:

"ಆಮೇಲೆ?"