ಹಗೇವಿನ ಬಾಯಿ

ನನ್ನ ಕೊರಳಲ್ಲಿ ತಾಳಿಯ ಪಕ್ಕ ಸತ್ತವಳೊಬ್ಬಳು ತೂಗುತ್ತಿದ್ದಳು. ಎರಡನೆಯ ಸಂಬಂಧಕ್ಕೆ ಬಂದ ಹೆಣ್ಣು ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಸವತಿ ಕಾಡುತ್ತಾಳೆ ಎನ್ನುತ್ತಾರೆ. ಕಟ್ಟಿಕೊಂಡರೂ ಕಾಡುತ್ತಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವಳ ಹೆಸರು ದುರಗಮ್ಮ. ಪೋಲೀಸ್ ಆಕ್ಷನ್ ಆದ ವರ್ಷ ಜ್ವರ ಬಂದು ಹೋದಳಂತೆ. ಅದಾಗಿ ಎರಡು ವರ್ಷಕ್ಕೆ ಗುರುಮಠಕಲ್ ಕಡೆಯವಳಾದ ನನ್ನನ್ನು ಸುರಪುರದ ಹತ್ತಿರದ ಈ ಹಳ್ಳಿಗೆ ಕೊಟ್ಟರು. ನಿಜಾಮರ ಸರ್ಕಾರ ಹೋಗಿ ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ದುರಗಮ್ಮನದೇ ರಾಜ್ಯ.

ಏನೇ ಕೆಟ್ಟರೂ ಅವಳು ನಗುತ್ತಿದ್ದಳಂತೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಎಮ್ಮೆ ಒದ್ದು ಹಾಲು ಚೆಲ್ಲಿದರೆ ನಾನು ಚರಿಗೆ ಬಿಸಾಡುವವಳು. ಆಗ ಅತ್ತೆ ಸಾಯಬಮ್ಮ ಹೊಸ್ತಿಲ ಮೇಲೆ ಕೂತು, "ದುರಗಿ ಇದ್ದಿದ್ರ, 'ಭೂಮ್ತಾಯಿಗೂ ಹಾಲಿನ ಆಸಿ ಆಗ್ಯಾದ ನೋಡ್ರಿ' ಅಂದು ನಗ್ತಿದ್ಲು" ಎನ್ನುತ್ತಿದ್ದಳು. ಹಸಿ ಕುಳ್ಳು ಹೊಗೆಯಾಡಿ ಕಣ್ಣು ಉರಿದರೆ, "ದುರಗಿ ಅಂತಿದ್ಲು, 'ಕಣ್ಣೀರು ಪುಕ್ಕಟ ಬರಾಕತ್ತಾವ, ಯಾರರ ಸತ್ತಾಗ ಬೇಕಾಗ್ತಾವ, ಕೂಡಿಟ್ಕೊಳ್ರಿ' ಅಂತ."

ನನ್ನ ಗಂಡ ಒಳ್ಳೆಯವನೇ. ಆದರೆ ಈ ಮಾತು ಬಂದಾಗಲೆಲ್ಲ ರೊಟ್ಟಿ ಮುರಿಯುವುದನ್ನು ಬಿಟ್ಟು ಹಿತ್ತಲ ಬಾಗಿಲ ಕಡೆ ನೋಡಿ ಸಣ್ಣಗೆ ನಗುತ್ತಿದ್ದ. ಆ ನಗು ಒಮ್ಮೆಯಾದರೂ ನನ್ನ ಕಡೆ ತಿರುಗಿದ್ದರೆ ನಾನು ಏನನ್ನಾದರೂ ಸಹಿಸುತ್ತಿದ್ದೆ. ಬದುಕಿರುವ ಸವತಿಯಾದರೆ ಜಗಳವಾಡಬಹುದು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಹಾಳು ಬಾಳು!

ಕೂಗಾಡಿ ಹಗುರಾಗೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ನಾನು ದನಿ ಎತ್ತಿದರೆ ಸಾಕು, ಅತ್ತೆಯ ಮುಖ ಬೂದಿಯಾಗುತ್ತಿತ್ತು. ಎರಡೂ ಕಿವಿ ಮುಚ್ಚಿಕೊಂಡು, "ಕೂಗಬ್ಯಾಡ ಯವ್ವಾ, ನಗು. ಜರಾ ನಗು" ಎಂದು ಬೇಡಿಕೊಳ್ಳುತ್ತಿದ್ದಳು. ನಗಲು ಹೋದರೆ ನನಗೆ ಬರುತ್ತಲೇ ಇರಲಿಲ್ಲ. ಮಧ್ಯಾಹ್ನ ಹಿತ್ತಲು ಗುಡಿಸುವಾಗ ಬೆನ್ನ ಹಿಂದೆ ಯಾರೋ ನಗು ತಡೆದುಕೊಂಡು ನಿಂತಂತೆ ಆಗುವುದು. ತಿರುಗಿದರೆ ಯಾರೂ ಇಲ್ಲ. ಸುಡುವ ಬಿಸಿಲಲ್ಲೂ ಬಿಲ್ಲೆ ಎದೆಗೆ ತಣ್ಣಗೆ ಹತ್ತುತ್ತಿತ್ತು.

ಆ ಹಿತ್ತಲಲ್ಲೇ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕುಣಿ. ಅದರ ಬಾಯಿಗೆ ದೊಡ್ಡ ಹಾಸುಗಲ್ಲು. ಕಲ್ಲಿನ ಮೂಲೆಯಲ್ಲಿ ಮುಷ್ಟಿಯಷ್ಟು ತೂತು. ತೂತಿಗೆ ಮೆತ್ತಿದ ಮಣ್ಣಿನ ಮೇಲೆ ಯಾರದೋ ಬೆರಳ ಗುರುತು ಒಣಗಿ ಉಳಿದಿತ್ತು. ಹಗೇವು ಖಾಲಿ ಬಿದ್ದಿತ್ತು, ಜೋಳ ಮನೆಯೊಳಗಿನ ಚೀಲಗಳಲ್ಲಿ ಇಲಿಗಳ ಪಾಲಾಗುತ್ತಿತ್ತು. ತೆರೆದು ತುಂಬೋಣ ಎಂದರೆ ಅತ್ತೆ, "ಮುಚ್ಚಿದ್ದು ಮುಚ್ಚಿರ್ಲಿ" ಎಂದು ಎದ್ದು ಹೋಗುತ್ತಿದ್ದಳು.

ನಾನು ಬಂದ ನಾಲ್ಕನೆಯ ವರ್ಷ, ಒಂದು ದಿನ ಗಂಡ ಸುರಪುರದ ಸಂತೆಗೆ ಹೋಗಿದ್ದ. ಬೆಳಿಗ್ಗೆ ಎಮ್ಮೆ ಒದೆಯಿತು. ಒಲೆ ಹತ್ತಲಿಲ್ಲ. ಒಳಗೆ ಹೋಗಿ ನೋಡಿದರೆ ಇಲಿ ಕಡಿದ ಚೀಲದಿಂದ ಜೋಳ ಸುರಿದು, ಮಣ್ಣು ಹಿಕ್ಕೆ ಎಲ್ಲ ಒಂದಾಗಿತ್ತು. ನಾನು ಮೊರ ಹಿಡಿದು ಕೂತು ಕೇರುತ್ತಿರುವಾಗ ಅತ್ತೆ ಶುರು ಮಾಡಿದಳು.

"ದುರಗಿ ಇದ್ದಿದ್ರ..."

"ಆಕಿ ಸತ್ತಾಳ್ರಿ ಅತ್ತಿ! ನಾ ಬದುಕೀನಿ! ಒಮ್ಮೆರ ನನ್ನ ಮುಖ ನೋಡ್ರಿ!"

ಅತ್ತೆ ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಸಾಕಾಯಿತು. ಸೀರೆ ಗಂಟು ಕಟ್ಟಿದೆ. ಶಹಾಪುರದ ತನಕ ನಡೆದರೆ ಯಾದಗಿರಿಗೆ ಬಸ್ಸು, ಅಲ್ಲಿಂದ ತವರು. ಗಂಡನನ್ನು ಬಿಟ್ಟು ಬಂದವಳಿಗೆ ಅಪ್ಪ ಬಾಗಿಲು ತೆರೆಯುತ್ತಾನೋ ಇಲ್ಲವೋ ತಿಳಿಯದು. ಒಮ್ಮೆ ಹೊಸ್ತಿಲು ದಾಟಿದರೆ ಇಲ್ಲಿಗಂತೂ ಮರಳುವಂತಿಲ್ಲ. ಭಯವಾಯಿತು. ಆದರೂ ಬಿಲ್ಲೆ ಬಿಚ್ಚಿದೆ. ಅದನ್ನು ಮನೆಯಲ್ಲಿಡಲು ಕೈ ಬರಲಿಲ್ಲ, ಹಗೇವಿನೊಳಗೆ ಹಾಕಿ ಹೋಗೋಣವೆಂದು ಹಿತ್ತಲಿಗೆ ಬಂದೆ.

ಹಾರೆಯ ತುದಿಯಿಂದ ಎಬ್ಬಿಸಿದರೆ ಮಣ್ಣಿನ ಹೆಂಟೆ ಒಳಗೆ ಬಿತ್ತು. ತೂತಿನಿಂದ ಹಳೇ ಜೋಳದ ವಾಸನೆ ಉಸಿರಿನಂತೆ ಮುಖಕ್ಕೆ ಬಡಿಯಿತು. ಬಿಲ್ಲೆ ಹಾಕುವ ಮುನ್ನ ಆ ದುರಗಮ್ಮನಿಗೆ ನಾಲ್ಕು ಮಾತು ಅನ್ನದೆ ಹೇಗೆ ಹೋಗಲಿ? ಮೊಣಕಾಲೂರಿ ತೂತಿಗೆ ಬಾಯಿ ಹಚ್ಚಿದೆ. ಎಮ್ಮೆಯನ್ನು ಬೈದೆ, ಇಲಿಗಳ ವಂಶವನ್ನು ಬೈದೆ, ಅತ್ತೆಯನ್ನು ಬೈದೆ, ಬಾಗಿಲ ಕಡೆ ನೋಡುವ ಗಂಡನನ್ನು ಬೈದೆ. ಕನ್ನಡ ಮುಗಿದಾಗ ನಮ್ಮೂರಿನ ತೆಲುಗಿನಲ್ಲಿ ಬೈದೆ. ಕೊನೆಗೆ, "ನಗಾಕಿ, ಧೈರ್ಯ ಇದ್ರ ಹೊರಗ ಬಾ!" ಎಂದು ಕಿರುಚಿದೆ.

"ಬಾ..." ಎಂದಿತು ಒಳಗಿನಿಂದ. ನನ್ನ ದನಿಯೇ ಇರಬೇಕು. ಆದರೆ ನನ್ನದಕ್ಕಿಂತ ಮೆತ್ತಗಿತ್ತು.

ಮೈ ಜುಮ್ಮೆಂದಿತು. ಜೊತೆಗೆ ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿಕೊಂಡಂತೆ ಹಗುರಾಯಿತು. ಇಲಿಗಳಿಗೆ ಹೇಳಿದ ಬೈಗುಳ ನೆನಪಾಗಿ ನಗು ಬಂತು. ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಹಿಂದೆ ಕೊಡ ಬಿದ್ದು ಒಡೆದ ಸದ್ದಾಯಿತು. ಅತ್ತೆ ಓಡಿ ಬಂದು ಕಲ್ಲಿನ ಮೇಲೆ ಬಿದ್ದಳು. ತೂತಿನೊಳಗೆ ಭುಜದವರೆಗೂ ಕೈ ತೂರಿಸಿ, "ದುರಗೀ, ಬಂದೆ! ತಗದೆ ಯವ್ವಾ, ತಗದೆ!" ಎಂದು ಕಲ್ಲನ್ನು ಉಗುರಿನಿಂದ ಗೀರತೊಡಗಿದಳು.

ಅವಳನ್ನು ಎಳೆದು ತಬ್ಬಿ ಹಿಡಿದೆ. "ಅತ್ತಿ, ನಾನ್ರಿ, ಲಾಲಿ."

ನನ್ನ ಮುಖವನ್ನು ಕೈಯಿಂದ ಸವರಿ ನೋಡಿದಳು. ಆಮೇಲೆ ಹೇಳಿದಳು.

"ಆಕಿ ನಗು ಎಲ್ಲಿಂದ ಬರ್ತಿತ್ತು ಅಂದ್ಕೊಂಡಿ? ದಿನಾ ಮಧ್ಯಾಹ್ನ ಈ ತೂತಿಗೆ ಬಾಯಿ ಹಚ್ಚಿ ನಮ್ಮನ್ನೆಲ್ಲ ಬೈತಿದ್ಲು. ಹೆಚ್ಚಿಗಿ ನನ್ನೇ. ಬೈದು ಖಾಲಿ ಆಗಿ ನಕ್ಕೋತ ಒಳಗ ಬರ್ತಿದ್ಲು. ನನಗ ಕೇಳಸ್ತಿತ್ತು, ಕೇಳಿಸ್ಲಾರ್ದಂಗ ಇರ್ತಿದ್ದೆ."

"ಜ್ವರ ಬಂದಿತ್ತಲ್ರಿ ಆಕಿಗಿ?"

"ಯಾ ಜ್ವರನೂ ಇಲ್ಲ, ಆಕೀನ ಮಣ್ಣು ಮಾಡಿದ ಮ್ಯಾಲ ನಾ ಹೇಳಿದ ಸುಳ್ಳು ಅದು. ಆ ಗದ್ದಲದ ವರ್ಷ ಗಂಡಸ್ರೆಲ್ಲ ಹೊಳಿ ದಾಟಿ ಹೋಗಿದ್ರು. ಊರಾಗ ಲೂಟಿಯವರು ಬಂದ್ರು. ಆಕೀನ ಹಗೇವಿನ್ಯಾಗ ಇಳಿಸಿ ಕಲ್ಲು ಎಳದ್ವಿ. ದನಿ ಹೊರಗ ಬರಬಾರ್ದಂತ ತೂತಿಗಿ ಈ ಕೈಲೆ ಮಣ್ಣು ಮೆತ್ತಿದೆ. ಮಳಿಗಿ ತಳದಾಗಿನ ಜೋಳ ಕೊಳತು ಒಳಗಿನ ಗಾಳಿ ಕೆಟ್ಟಿತ್ತು, ಕಂದೀಲು ಇಳಿಸಿ ಆರತದೇನಂತ ನೋಡಾಕ ಹೊತ್ತೆಲ್ಲಿ? ಅವರು ಹೋದ್ರು. ಮತ್ತ ಬಂದಾರು ಅಂತ ನಾ ಬಾಗಲ್ದಾಗ ಕಾಯ್ಕೋತ ಕುಂತೆ. ಒಳಗಿಂದ ಆಕಿ ಕೂಗಿದ್ಲು, ಲಾಲಿ. ಸಣ್ಣಗ ಕೇಳಿಸ್ತು. ದಿನಾ ಕೇಳಿದ ದನೀನೇ. ನನ್ನ ಬೈಯಾಕತ್ತಾಳ, ಬೈದು ಹಗುರಾಗಿ ಸುಮ್ಕಾಗ್ತಾಳ ಅಂದ್ಕೊಂಡೆ."

ಅತ್ತೆ ಒದ್ದೆ ಸೆರಗನ್ನು ಹಿಂಡಿದಳು.

"ಸುಮ್ಕಾದ್ಲು."

ನಾನು ಗೊಳೋ ಎಂದು ಅತ್ತುಬಿಟ್ಟೆ. ದುರಗಮ್ಮನಿಗಾಗಿ, ನಾಲ್ಕು ವರ್ಷ ಅವಳ ನಗುವನ್ನು ಶಪಿಸಿದ್ದಕ್ಕಾಗಿ. ಆಮೇಲೆ ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮತ್ತೆ ಕೊರಳಿಗೆ ಕಟ್ಟಿಕೊಂಡೆ. ಅದು ಈ ಬಾರಿ ನನ್ನ ಮೈಯಷ್ಟೇ ಬೆಚ್ಚಗಿತ್ತು. ಗಂಟು ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹಾಕಿದೆ.

ತೂತಿಗೆ ಮತ್ತೆ ಮಣ್ಣು ಮೆತ್ತಲು ನಾನು ಬಿಡಲಿಲ್ಲ. ದಿನಾ ಮಧ್ಯಾಹ್ನ ಹೋಗಿ ಬೈಯುತ್ತೇನೆ. ಎಮ್ಮೆ, ಇಲಿ, ಗಂಡ, ಯಾರನ್ನೂ ಬಿಡುವುದಿಲ್ಲ. ಒಳಗಿನವಳು ಕೇಳಿಸಿಕೊಳ್ಳುತ್ತಾಳೆ. ಕೆಲವು ಸಲ ನನಗಿಂತ ಮೊದಲೇ ನಗುತ್ತಾಳೆ. ನಗುತ್ತ ಒಳಗೆ ಬಂದರೆ ಗಂಡ ಈಗ ಬಾಗಿಲು ಬಿಟ್ಟು ನನ್ನ ಕಡೆ ನೋಡುತ್ತಾನೆ.

ಮೊನ್ನೆ ಯಾಕೋ ಏನೂ ಕೆಡಲಿಲ್ಲ. ಎಮ್ಮೆ ತೆಪ್ಪಗೆ ಹಾಲು ಕೊಟ್ಟಿತು, ಒಲೆ ಒಂದೇ ಊದಿಗೆ ಹತ್ತಿತು. ಬೈಯಲು ಏನೂ ಸಿಗದೆ ಕಲ್ಲಿನ ಮೇಲೆ ಸುಮ್ಮನೆ ಕೂತು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದೆ. ಮನೆಯೊಳಗಿನಿಂದ ಅತ್ತೆ ಎಡವುತ್ತ ಓಡಿ ಬಂದಳು. ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಲಾಲೀ, ಯಾಕ ಸುಮ್ಕಾದಿ? ಬೈಯಿ ಯವ್ವಾ, ನನ್ನರ ಬೈಯಿ!"