ಬಲಗೈಯ ಹೊಲಿಗೆ

ಇರುಳೆಲ್ಲ ಸುರಿದ ಮೃದುವರ್ಷದಲ್ಲಿ ಮಿಂದು, ಅರುಣಕಿರಣಗಳಿಗೆ ಮೈಯೊಡ್ಡಿ ನಿಂತಿದ್ದ ಆ ವಸಂತಪ್ರಭಾತದ ಸೊಬಗನ್ನು ಏನೆಂದು ಬಣ್ಣಿಸಲಿ! ಹೆಂಚುಗಳ ಅಂಚಿನಲ್ಲಿ ಹನಿಗಳು ಇನ್ನೂ ತೂಗಾಡುತ್ತಿದ್ದವು. ಕಲ್ಲುಹಾಸಿದ ಬೀದಿಯ ತಗ್ಗುಗಳಲ್ಲಿ ನಿಂತ ನೀರು ತನ್ನ ಪಾಲಿನ ಆಕಾಶವನ್ನು ಜೋಪಾನವಾಗಿ ಹಿಡಿದುಕೊಂಡಿತ್ತು. ಚರ್ಚಿನ ಗೋಪುರದಲ್ಲಿ ಪಾರಿವಾಳಗಳು ಯಾರಿಗೂ ಅರ್ಥವಾಗದ, ಆದರೂ ಎಲ್ಲರಿಗೂ ಹಿತವಾದ ಏನನ್ನೋ ಗುನುಗುತ್ತಿದ್ದವು... ಸಹೃದಯ ವಾಚಕರೇ, ಇಂಥ ಬೆಳಗಿನಲ್ಲಿಯೂ ಮುಖ ಗಂಟಿಕ್ಕಿಕೊಂಡು ಚರ್ಚಿನತ್ತ ನಡೆಯಬಲ್ಲವಳು ಆ ಬೀದಿಯಲ್ಲಿ ಒಬ್ಬಳೇ ಇದ್ದಳು. ಅವಳು ಹೊಲಿಗೆಯವಳು.

ಅವಳ ಸಿಡುಕಿಗೆ ಕಾರಣವಿತ್ತು. ಹಲವು ವರ್ಷಗಳ ಹಿಂದೆ, ತನ್ನ ಮದುವೆಯ ಉಡುಪನ್ನು ಅವಳು ಕೈಯಾರೆ ಹೊಲಿದು ಮುಗಿಸಿದ ವಾರದಲ್ಲೇ, ಅವಳ ಕೈಹಿಡಿಯಬೇಕಿದ್ದ ಬಡಗಿ ಸಂಸಾರದ ಹೊಣೆಗೆ ಹೆದರಿ ಹೇಳದೆ ಕೇಳದೆ ಊರು ಬಿಟ್ಟಿದ್ದ. ಈಗ ನರೆಗೂದಲಿನೊಡನೆ ಮರಳಿದವನು ಅವಳ ಅತ್ತಿಗೆಯ ಮೂಲಕ ಕ್ಷಮೆ ಬೇಡಿದ್ದ. ಆಗದು ಎಂದು ಇವಳು ಕಡ್ಡಿ ಮುರಿದಂತೆ ಹೇಳಿಕಳಿಸಿದ್ದಳು. ಆದರೂ ಅವನ ಮಾತು ಬಂದರೆ ಸಾಕು, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಪ್ರೀತಿ ಇನ್ನೂ ಸತ್ತಿರಲಿಲ್ಲ, ಅದೇ ಅವಳ ಕಷ್ಟ!

ಶಿಲುಬೆಗೆ ಮುಸುಕು ಹೊಲಿಯುವುದು ಪ್ರತಿವರ್ಷವೂ ಅವಳದೇ ಕೆಲಸ. ಶುಭ ಶುಕ್ರವಾರದ ಆರಾಧನೆಯಲ್ಲಿ ಗುರುಗಳು ಆ ನೇರಳೆ ವಸ್ತ್ರವನ್ನು ಸರಿಸಿ ಕ್ರಿಸ್ತನನ್ನು ಜನರಿಗೆ ತೋರಬೇಕು. ಆದ್ದರಿಂದ ಎಳೆದೊಡನೆ ಬಿಚ್ಚಿಕೊಳ್ಳುವ ಕಚ್ಚಾ ಹೊಲಿಗೆ ಸಾಕು. ಅಂದು ಅವಳು ಬಟ್ಟೆ ಹೊದಿಸುತ್ತಿದ್ದಾಗ, ಶಿಲುಬೆಯ ಮೇಲಿನ ಕ್ರಿಸ್ತಪ್ರತಿಮೆಯ ಮುರಿದಿದ್ದ ಬಲಗೈಯನ್ನು ಕೂಡಿಸಿಕೊಟ್ಟವನು ಆ ಬಡಗಿಯೇ ಎಂದು ಗಂಟೆ ಬಾರಿಸುವ ಮುದುಕ ಹೇಳಿಬಿಟ್ಟ. ಮುಗಿಯಿತು! ಮನಸ್ಸು ಹಳೆಯ ಉರಿಯಲ್ಲಿ ಬೇಯುತ್ತಿದ್ದರೆ ಕೈ ತನ್ನಷ್ಟಕ್ಕೆ ನಡೆಯಿತು. ಆ ಬಲಗೈಯ ಸುತ್ತ ಇಮ್ಮಡಿ ದಾರದ ಗಟ್ಟಿ ಹೊಲಿಗೆ ಬಿದ್ದದ್ದು ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಚರ್ಚು ಕಿಕ್ಕಿರಿದಿತ್ತು. ಗುರುಗಳು ಕೆಳಗೆ ನಿಂತು ವಸ್ತ್ರದ ತುದಿ ಎಳೆದರು. ಶಿರ ಕಂಡಿತು, ಎಡಗೈ ಕಂಡಿತು; ಬಲಗೈಯ ಮೇಲಿನ ಬಟ್ಟೆ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗುರುಗಳ ಕಿವಿಗಳು ಕೆಂಪಾದವು. ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ ಉಸಿರುಗಟ್ಟಿದರು. ತನ್ನದೇ ತಪ್ಪೆಂದು ತಕ್ಷಣ ಅರಿತ ಹೊಲಿಗೆಯವಳು, ನಾಚಿಕೆಯಿಂದ ಭೂಮಿಗಿಳಿದುಹೋದಂತಾಗಿಯೂ ಚೀಲದಿಂದ ಕತ್ತರಿ ತೆಗೆದು ಎದ್ದಳು. ಏಣಿ ಬಂತು. ಅಲುಗಾಡುವ ಆ ಏಣಿಯನ್ನು ಹಿಡಿಯಲು ಕೊನೆಯ ಬೆಂಚಿನಿಂದ ಎದ್ದು ಬಂದವನು ಬಡಗಿ.

"ಹತ್ತಿ, ನಾನು ಹಿಡ್ಕೊಂಡಿದೀನಿ," ಎಂದ.

"ನಡುವೆ ಬಿಟ್ಟು ಹೋಗಲ್ಲ ತಾನೆ?"

"ಇನ್ನು ಇಲ್ಲ."

ಮೇಲೆ ಅವಳು ಒಂದೊಂದೇ ಹೊಲಿಗೆ ಕತ್ತರಿಸಿದಳು. ಬಟ್ಟೆಯ ಸಂದಿನಿಂದ ಮೊಳೆಯುಂಡ ಅಂಗೈ ಇಣುಕಿತು... ಮೊಳೆ ಹೊಡೆದವರಿಗಾಗಿಯೇ ಕ್ಷಮೆ ಬೇಡಿಕೊಂಡವನ ಕೈ! ಅದು ಅವನೊಬ್ಬನಿಗೆ ಮಾತ್ರ ತಲುಪದಿರಲಿ ಎಂದು ನಾನು ಕಟ್ಟಿಹಾಕಹೊರಟಿದ್ದೆನಲ್ಲ. ಹಾಗೆ ಕಟ್ಟಿದರೆ ನನಗಾದರೂ ಅದು ತಲುಪುವುದು ಹೇಗೆ? ಅಳುವೂ ನಗುವೂ ಅವಳಿಗೆ ಒಟ್ಟಿಗೇ ಬಂದವು. ಕೊನೆಯ ಎಳೆ ಹರಿಯಿತು. ವಸ್ತ್ರವೆಲ್ಲ ಜಾರಿ, ಕೆಳಗಿದ್ದ ಬಡಗಿಯ ತಲೆಯ ಮೇಲೆ ಬಿದ್ದು ಅವನನ್ನು ಮುಚ್ಚಿಬಿಟ್ಟಿತು!

ಮಕ್ಕಳು ಕಿಸಕ್ಕನೆ ನಕ್ಕರು. ಗುರುಗಳೂ ಪುಸ್ತಕದ ಮರೆಗೆ ಸರಿದರು. ಬಡಗಿ ಮಾತ್ರ ಕಣ್ಣು ಕಾಣದೆ, ಉಸಿರು ಕಟ್ಟಿ, ಏಣಿಯನ್ನು ಭದ್ರವಾಗಿ ಹಿಡಿದೇ ನಿಂತಿದ್ದ. ಇಳಿದು ಬಂದವಳು ತಾನೇ ಮುಸುಕೆತ್ತಿದಳು.

"ಒಂದು ಕೈ ಬಿಟ್ಟು ಬಟ್ಟೆ ತೆಗೀಬಹುದಿತ್ತಲ್ಲ?"

"ನೀವು ಮೇಲಿದ್ರಿ," ಎಂದ ಅವನು.

ಅವಳ ಕಣ್ಣು ತುಂಬಿ ಬಂತು. "ಕ್ಷಮಿಸಿದೀನಿ," ಎಂದಳು ಮೆಲ್ಲಗೆ. "ಆ ತುದಿ ಹಿಡ್ಕೊಳ್ಳಿ. ಒಬ್ಬಳಿಗೆ ಮಡಿಸೋಕಾಗಲ್ಲ."

ಮನುಷ್ಯಹೃದಯವೂ ಎಂಥ ವಿಚಿತ್ರ! ತನಗೆ ಬೇಕಾದ ಕ್ಷಮೆಗೆ ಎರಡೂ ಕೈ ಚಾಚುತ್ತದೆ. ತಾನು ಕೊಡಬೇಕಾದಾಗ ಮುಷ್ಟಿ ಬಿಗಿಯುತ್ತದೆ. ಆದರೂ ಶಿಲುಬೆಯ ಮೇಲೆ ಆ ಕೈಗಳು ಯಾರನ್ನೂ ಹೊರಗಿಡದೆ ತೆರೆದೇ ಇವೆ... ಅದನ್ನು ಒಮ್ಮೆ ಅಷ್ಟು ಹತ್ತಿರದಿಂದ ಕಂಡವರಿಗೆ, ಮರಳಿ ಪ್ರೀತಿಸುವುದು ಕಷ್ಟವೇನಲ್ಲ.