ಖಾಲಿ ಗುಳಿಯ ಬಣ್ಣ

ಖಾಲಿ ಗುಳಿಗಳಲ್ಲೂ ನೇರಳೆ ಬಣ್ಣ ಬಂದಿತ್ತು.

ಕ್ಷೌರಿಕನ ಮಗಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿ. ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಅವಳದು ಒಂದೇ ಕೆಲಸ. ಗುಳಿಗಳಲ್ಲಿ ನರಕೋಶ ಬೆಳೆಸಬೇಕು, ಅವಕ್ಕೆ ಒಂದು ಎಲೆಯ ಸಾರ ಉಣಿಸಬೇಕು, ಆಮೇಲೆ ಕೋಶಗಳನ್ನು ಸುಡುವ ಪೆರಾಕ್ಸೈಡ್ ಹನಿಸಬೇಕು. ಕೊನೆಗೆ ಹಳದಿ ಬಣ್ಣ ಹಾಕಿದರೆ, ಬದುಕಿ ಉಳಿದ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ. ನೇರಳೆ ಎಂದರೆ ಜೀವ. ಎಲೆ ಉಂಡ ಗುಳಿಗಳೆಲ್ಲ ನೇರಳೆಯಾಗುತ್ತಿದ್ದವು.

ಈ ಸಲ ಯಾರೂ ಹೇಳದೆಯೇ ಅವಳು ನಾಲ್ಕು ಗುಳಿಗಳಿಗೆ ಕೋಶವನ್ನೇ ಹಾಕದೆ, ಬರೀ ಸಾರ ಮತ್ತು ಬಣ್ಣ ಹಾಕಿದ್ದಳು. ಮನೆಯಲ್ಲಿ ಅಪ್ಪ ಅದೇ ಎಲೆಯ ಕಷಾಯ ಕುಡಿಯುವಾಗ ಲೋಟ ಹಲ್ಲಿಗೆ ಕಟಕಟ ಬಡಿಯುವ ಸದ್ದು ಅವಳ ಕಿವಿ ಬಿಟ್ಟಿರಲಿಲ್ಲ.

"ಜೀವಾನೇ ಇಲ್ಲದ ಕಡೆ ಹೆಂಗೆ ಬಂತು ಮೇಡಂ?"

ಪ್ರಯೋಗಾಲಯದ ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಎಲೆ ತಾನೇ ಬಣ್ಣ ತಿರುಗಿಸಿದೆ ಕಣಮ್ಮ. ಕೋಶ ಸತ್ತಿರಲಿ, ಬದುಕಿರಲಿ, ಅದಕ್ಕೇನು? ಮೊದಲನೇ ದಿನವೇ ನೋಡ್ಬೇಕಿತ್ತು ನಾವು." ಕನ್ನಡಕ ಹಾಕಿಕೊಂಡು, "ಪುಣ್ಯಕ್ಕೆ ಇದನ್ನ ಇನ್ನೂ ಯಾರೂ ಕುಡಿದಿಲ್ಲ," ಎಂದರು.

ಅವಳು ತಟ್ಟೆಗೆ ಮುಚ್ಚಳ ಹಾಕಿದಳು.

ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಕೈ ನಡುಗತೊಡಗಿದ ಮೇಲೆ ಒಂದು ವರ್ಷದಿಂದ ಕೆಲಸ ನಿಂತು, ಕನ್ನಡಿಗೆ ಬಟ್ಟೆ ಹೊದಿಸಿತ್ತು. ಈ ಸಂಜೆ ಆ ಬಟ್ಟೆ ಇರಲಿಲ್ಲ. ಕುರ್ಚಿಯಲ್ಲಿ ಅಪ್ಪನ ಗೆಳೆಯ, ನಿವೃತ್ತ ಅಂಚೆಯವನು, ಕೆನ್ನೆ ತುಂಬ ನೊರೆ ಹೊತ್ತು ಕೂತಿದ್ದ.

"ಬಾ ತಾಯಿ. ನನ್ನ ಕತ್ತನ್ನ ನಿಮ್ಮಪ್ಪನಿಗೆ ದಾನ ಕೊಟ್ಟಿದ್ದೀನಿ. ಒಬ್ಬರು ಸಾಕ್ಷಿ ಬೇಕಿತ್ತು."

"ಮುಚ್ಚೋ ಬಾಯಿ. ಈ ಕೋಳಿಕತ್ತಿಗೆ ಸಾಕ್ಷಿ ಒಂದು ಕೇಡು!" ಕ್ಷೌರದ ಕತ್ತಿ ಹಿಡಿದಿದ್ದ ಅಪ್ಪ ನಕ್ಕ. ಮಗಳ ಕಡೆ ತಿರುಗಿ ದನಿ ತಗ್ಗಿಸಿದ. "ಒಂದು ಮಾತು ಹೇಳ್ತೀನಿ, ಬೈಬಾರ್ದು. ಡಾಕ್ಟ್ರ ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯ್ತು. ನುಂಗಿದ್ರೆ ಸಾಕು, ವಾಕರಿಕೆ. ಮಗಳೇ ಸಂಜೀವಿನಿ ತಂದುಕೊಡುವಾಗ ಅದ್ಯಾಕೆ ಅಂತ..." ಎನ್ನುತ್ತ ಡ್ರಾಯರ್ ಎಳೆದ. ಬಾಚಣಿಗೆಗಳ ಕೆಳಗೆ ಮಾತ್ರೆಯ ಹಾಳೆಗಳು, ಒಂದೂ ಒಡೆದಿರಲಿಲ್ಲ.

"ಅಪ್ಪಾ, ಕತ್ತಿ ಕೆಳಗಿಡು."

"ಯಾಕೆ?"

ಭರವಸೆ ಕೊಟ್ಟ ಬಾಯಿಯೇ ಅದನ್ನು ಕಿತ್ತುಕೊಳ್ಳಬೇಕಿತ್ತು. "ಆ ಎಲೆ ನರ ಕಾಯುತ್ತೆ ಅಂದಿದ್ನಲ್ಲ, ಅದು ತಪ್ಪು ಅಪ್ಪಾ. ಇವತ್ತು ಗೊತ್ತಾಯ್ತು."

"ಬಣ್ಣ ಬಂತು ಅಂದಿದ್ದೆ. ಕುಣಿದಾಡ್ಕೊಂಡು ಬಂದಿದ್ದೆ ಅವತ್ತು."

"ಖಾಲಿ ಗುಳೀಲೂ ಬಂತು."

ಅಪ್ಪ ತನ್ನ ಕೈ ನೋಡಿಕೊಂಡ. ದೇವರು ಕೊಟ್ಟ ಕೈ. ನಲವತ್ತು ವರ್ಷ ಜನರ ಗಂಟಲ ಮೇಲೆ ಓಡಾಡಿಯೂ ಹನಿ ರಕ್ತ ಕಾಣದ ಕೈ. ಅದು ನಡುಗುತ್ತಿತ್ತು. ಬೆಳಿಗ್ಗೆಯೂ ನಡುಗಿತ್ತು, ನಾಲ್ಕು ತಿಂಗಳೂ ನಡುಗಿತ್ತು. ಈಗ ಅವನಿಗೂ ಕಂಡಿತು.

"ನಂಗೆ ಕಮ್ಮಿ ಆಗಿತ್ತಲ್ಲೇ?"

ಅವಳು ಡ್ರಾಯರಿನಿಂದ ಒಂದು ಹಾಳೆ ಎತ್ತಿಕೊಂಡಳು. ಒಂದು ಮಾತ್ರೆ ಒಡೆದು, ನೀರಿನ ಲೋಟದ ಜೊತೆ ಕನ್ನಡಿಯ ಮುಂದೆ ಇಟ್ಟಳು.

"ಇವತ್ತೇ ಹೇಳ್ಬೇಕಿತ್ತಾ?" ಎಂದ ಅಪ್ಪ. "ಒಂದು ಕೆನ್ನೆ ಮುಗಿದ ಮೇಲೆ ಹೇಳಿದ್ರೆ ಏನಾಗ್ತಿತ್ತು?"

ಕತ್ತಿ ಮಡಚಲು ಅವನು ಎರಡು ಸಲ ಪ್ರಯತ್ನಿಸಬೇಕಾಯಿತು.

"ಏನಯ್ಯಾ, ಶುರು ಮಾಡು," ಎಂದ ಅಂಚೆಯವನು. ಎಲ್ಲ ಕೇಳಿಸಿಕೊಂಡಿದ್ದ, ಆದರೂ ಮುಚ್ಚಿದ ಕಣ್ಣು ತೆರೆಯಲಿಲ್ಲ. ಗದ್ದವನ್ನು ಇನ್ನಷ್ಟು ಮೇಲೆತ್ತಿ ಕತ್ತು ಒಡ್ಡಿದ. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಅವನ ಕೆನ್ನೆಯ ನೊರೆ ಅಂಚಿನಿಂದ ಒಣಗುತ್ತ ಬಂದು, ಸಣ್ಣಗೆ ಬಿರುಕು ಬಿಡತೊಡಗಿತು.